ವಯಸ್ಸೂ ಕಲೆಯ ಪಾಕವೂ

ಐವತ್ತು ದಾಟಿದವರು ಹೊಸದಾಗಿ ಕುಂಚವನ್ನೋ ವೀಣೆಯನ್ನೋ ಕೈಗೆತ್ತಿಕೊಂಡರೆ ಮುಸಿ ಮುಸಿ ನಗುವವರು ನಮ್ಮಲ್ಲುಂಟು. ಪ್ರತಿಭೆಯು ಯೌವನದ ಸೊತ್ತೆಂಬ ನಂಬಿಕೆಯೇ ಈ ನಗೆಗೆ ಮೂಲ. ಆಂಗ್ಲ ಕವಿ ಕೀಟ್ಸನು 25ನೆಯ ವಯಸ್ಸಿನಲ್ಲಿಯೇ ಗತಿಸಿದನಷ್ಟೆ. ಅಷ್ಟರೊಳಗೆ ಅವನು ಬರೆದುದು ಅಪಕ್ವವೆಂದು ಹೇಳುವವರಾರು? ಜರ್ಮನಿಯ ಗಯಟೆಯಾದರೋ ‘ಫೌಸ್ಟ್’ ನಾಟಕದ ಎರಡನೆಯ ಭಾಗವನ್ನು ಮುಗಿಸಿದುದು 1831ರಲ್ಲಿ, ಎಂಬತ್ತೆರಡರ ಅಂಚಿನಲ್ಲಿ. ಇಬ್ಬರಲ್ಲಿ ಯಾರನ್ನು ಪ್ರಮಾಣವಾಗಿ ಹಿಡಿಯೋಣ?

ಉತ್ತರಕ್ಕಾಗಿ ಬಹು ದೂರ ಹೋಗಬೇಕಾದುದಿಲ್ಲ. ಮೈಸೂರು ರೈಲಿನಲ್ಲಿ ಕುಳಿತು ಚನ್ನಪಟ್ಟಣದಲ್ಲಿ ಇಳಿದರಾಯಿತು. ಅಲ್ಲಿಯ ಗೊಂಬೆಯ ಕೆಲಸಗಾರನು ಆಲೆಮರದ ತುಂಡನ್ನು ಕಡೆದು, ತಿರುಗುತ್ತಿರುವ ಆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜುವ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಗರಿಯಿಂದ ತೀಡಿ ಮೆರುಗು ಕೊಡುವುದು. ಎಷ್ಟು ಒತ್ತಬೇಕು, ಯಾವಾಗ ಕೈ ತೆಗೆಯಬೇಕು ಎಂಬ ಹದವನ್ನು ಯಾವ ಗ್ರಂಥವೂ ಕಲಿಸಲಾರದು. ಅಂಗೈಯೇ ವರ್ಷಾನುವರ್ಷ ಕಲಿಯಬೇಕು. ಕಣ್ಣು ಮಂಜಾಗತೊಡಗುವ ಹೊತ್ತಿಗೆ ಕೈ ಪಕ್ವವಾಗಿರುವುದು!

ಕೈಯ ಮಾತು ಹೀಗಾದರೆ ಕಲ್ಪನೆಯ ಮಾತೇನು? ರಾಮನಗರದ ಬಳಿ, ಮೈಸೂರು ರಸ್ತೆಯ ಪಕ್ಕದಲ್ಲಿ, ಜಾನಪದ ಲೋಕವಿದೆ. ಅದನ್ನು ಕಟ್ಟಿದ ಎಚ್. ಎಲ್. ನಾಗೇಗೌಡರು 1915ರಲ್ಲಿ ಜನಿಸಿ, ಬಾಳಿನ ಬಹುಭಾಗವನ್ನು ಸರಕಾರದ ಹಿರಿಯ ಅಧಿಕಾರಿಯಾಗಿ ಕಳೆದವರು. ಕರ್ನಾಟಕ ಜಾನಪದ ಪರಿಷತ್ತು 1979ರಲ್ಲಿ ಸ್ಥಾಪನೆಯಾದಾಗ ಅವರಿಗೆ ಅರವತ್ತನಾಲ್ಕು. ಲೋಕವು 1994ರಲ್ಲಿ ಬಾಗಿಲು ತೆರೆದಾಗ ಎಪ್ಪತ್ತೊಂಬತ್ತು. ಸಂಗ್ರಹವು ಸೃಷ್ಟಿಯಲ್ಲವೆಂದು ಕೆಲವರು ಆಕ್ಷೇಪಿಸಬಹುದು. ನಾವು ಒಪ್ಪಲಾರೆವು. ನೇಗಿಲು, ಮಡಕೆ, ತೊಗಲುಗೊಂಬೆ ಇವುಗಳಲ್ಲಿ ಯಾವುದರ ಪಕ್ಕಕ್ಕೆ ಯಾವುದನ್ನಿಟ್ಟರೆ ಹಳ್ಳಿಯ ಬದುಕು ಕಣ್ಣಿಗೆ ಕಟ್ಟುವುದೆಂದು ತಿಳಿಯಲು ಕವಿಯ ದೃಷ್ಟಿಯೇ ಬೇಕು.

ಆದರೂ ಈ ಸಿದ್ಧಿಯು ಮುಪ್ಪಿನಲ್ಲಿ ಆಕಾಶದಿಂದ ಉದುರಿದುದಲ್ಲ. ಅಧಿಕಾರದಲ್ಲಿದ್ದಾಗಲೇ ಅವರು ಹಳ್ಳಿಯ ಪದಗಳಿಗೆ ಕಿವಿಗೊಟ್ಟು ಸಂಗ್ರಹಿಸಿದವರು, ಕಾದಂಬರಿಯನ್ನೂ ಬರೆದವರು. ಹಳೆಯ ಆಸ್ಥೆಗೆ ವಯಸ್ಸು ಬಿಡುವನ್ನೂ ಧೈರ್ಯವನ್ನೂ ತಂದುಕೊಟ್ಟಿತು. ಆಸ್ಥೆಯೇ ಇಲ್ಲದವನಿಗೆ ಅದು ನರೆಯನ್ನಲ್ಲದೆ ಬೇರೇನನ್ನು ಕೊಟ್ಟೀತು?

ಇನ್ನೊಂದು ಮಾತುಂಟು. ಆ ಪದಗಳನ್ನು ಬಲ್ಲವರು ಬಹುಮಟ್ಟಿಗೆ ಓದುಬರಹವಿಲ್ಲದ ವೃದ್ಧೆಯರು. ಬೀಸುವಾಗ, ನಾಟಿ ಹಾಕುವಾಗ, ಸೋಬಾನೆಯ ಹಸೆಯ ಮುಂದೆ, ಹೀಗೆ ಒಂದು ಆಯುಷ್ಯವೆಲ್ಲ ಹಾಡಿ ಮಾಗಿದ ಕಂಠ ಅವರದು. ಅಂಥವಳೊಬ್ಬಳು ತೀರಿಕೊಂಡರೆ ಅವಳ ಪದಗಳೂ ಅವಳೊಡನೆ ಮಣ್ಣಾಗುವುವು. ನಾಗೇಗೌಡರು 2005ರಲ್ಲಿ ನಿಧನರಾದರು. ಇಂಥ ಕಂಠಗಳ ಧ್ವನಿಮುದ್ರಣಗಳು ರಾಮನಗರದಲ್ಲಿ ಉಳಿದಿವೆ.