ಯಾವ ಸಾಲಿ ಛಲೋ? ಹೋಗಿ ನೋಡಿ ಹೇಳಿರಿ

ಜೂನ್ ತಿಂಗಳು ಹತ್ತಿರ ಬಂತೆಂದರೆ ನಮ್ಮ ಅಕ್ಕಲಕೋಟ, ದಕ್ಷಿಣ ಸೋಲಾಪುರ ಕಡೆಯ ಹಳ್ಳಿಗಳಲ್ಲಿ ಒಂದೇ ಮಾತು. "ಈ ಸಲ ಮಗಳನ್ನ ಯಾವ ಸಾಲಿಗೆ ಹಾಕ್ತೀರಿ?"

ಊರಲ್ಲಿ ಜಿಲ್ಲಾ ಪರಿಷದದ ಕನ್ನಡ ಶಾಲೆ ಇರುತ್ತದೆ. ಕೆಲವು ಊರಲ್ಲಿ ಪಕ್ಕದಲ್ಲೇ ಮರಾಠಿ ಶಾಲೆಯೂ ಇರುತ್ತದೆ. ವಸ್ತಿಯಲ್ಲಿ ಇನ್ನೊಂದು ಚಿಕ್ಕ ಶಾಲೆ ಇರಬಹುದು. ಎಲ್ಲವೂ ಸರಕಾರದ ಶಾಲೆಗಳೇ. ಆದರೆ ಎಲ್ಲವೂ ಒಂದೇ ತರಹ ಇರುವುದಿಲ್ಲ.

ನಾವು ಏನು ಮಾಡುತ್ತೇವೆ? ಗೋಡೆಯ ಬಣ್ಣ ನೋಡುತ್ತೇವೆ. ನೆರೆಮನೆಯವರ ಮಾತು ಕೇಳುತ್ತೇವೆ. ಅಷ್ಟಕ್ಕೇ ಹೆಸರು ಹಚ್ಚಿ ಬರುತ್ತೇವೆ. ಹಾಗೆ ಮಾಡಬೇಡಿ. ಈಗ ನಿಮಗೆ ಓದು ಬರುತ್ತದೆ, ಲೆಕ್ಕ ಬರುತ್ತದೆ. ಮುಖ್ಯಾಧ್ಯಾಪಕರನ್ನು ಕೇಳಿ ಒಳಗೆ ಹೋಗಿರಿ. ಐದು ಸಂಗತಿ ನೋಡಿರಿ.

1. ಗುರುಗಳು ಎಷ್ಟು ಮಂದಿ?

ಶಿಕ್ಷಣ ಹಕ್ಕು ಕಾಯದೆ 2009ರಲ್ಲಿ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 1ರಿಂದ 5ನೆಯ ಇಯತ್ತೆಯವರೆಗೆ ಅದರ ಲೆಕ್ಕ ಹೀಗಿದೆ:

60 ಮಕ್ಕಳವರೆಗೆ 2 ಗುರುಗಳು.
61ರಿಂದ 90 ಮಕ್ಕಳಿಗೆ 3 ಗುರುಗಳು.
91ರಿಂದ 120 ಮಕ್ಕಳಿಗೆ 4 ಗುರುಗಳು.

ಒಂದು ಲೆಕ್ಕ ಮಾಡೋಣ. ಒಂದು ಶಾಲೆಯಲ್ಲಿ 58 ಮಕ್ಕಳು, 2 ಗುರುಗಳು. ಒಬ್ಬ ಗುರುವಿಗೆ 29 ಮಕ್ಕಳು. ಇನ್ನೊಂದು ಶಾಲೆಯಲ್ಲಿ 120 ಮಕ್ಕಳು, 3 ಗುರುಗಳು. ಒಬ್ಬರಿಗೆ 40 ಮಕ್ಕಳು. ದೊಡ್ಡ ಶಾಲೆಯಲ್ಲಿ ಒಬ್ಬ ಗುರು ಕಡಿಮೆ ಇದ್ದಾರೆ.

ಹಾಗಾದರೆ ಚಿಕ್ಕ ಶಾಲೆಯೇ ಮೇಲೇ? ತಡೆಯಿರಿ. ಅಲ್ಲಿ ಇಬ್ಬರೇ ಗುರುಗಳು ನಾಲ್ಕು ಇಯತ್ತೆ ನೋಡಬೇಕು. ಒಂದೇ ಖೋಲಿಯಲ್ಲಿ ಎರಡು ಇಯತ್ತೆ ಕೂಡುತ್ತವೆ. ಗುರುಗಳು ಒಂದು ಇಯತ್ತೆಗೆ ಪಾಠ ಹೇಳುವಾಗ ಇನ್ನೊಂದು ಇಯತ್ತೆಯ ಮಕ್ಕಳು ಏನು ಮಾಡುತ್ತಾರೆ? ಕೆಲಸ ಕೊಟ್ಟಿದ್ದಾರೋ, ಸುಮ್ಮನೆ ಕೂರಿಸಿದ್ದಾರೋ? ಅದನ್ನು ನೋಡಿರಿ.

2. ಮಕ್ಕಳು ಓದುತ್ತಾರೆಯೇ?

ಇದು ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಆ ಶಾಲೆಗೆ ಹೋಗುವ ಮೂರನೆಯ ಇಯತ್ತೆಯ ಒಂದು ಮಗುವನ್ನು ಹತ್ತಿರ ಕೂಡಿಸಿಕೊಳ್ಳಿರಿ. ಎರಡನೆಯ ಇಯತ್ತೆಯ ಪುಸ್ತಕ ಕೊಡಿರಿ. "ಇದೊಂದು ಪಾಠ ಓದವ್ವಾ" ಅನ್ನಿರಿ. ಬೆರಳಿಟ್ಟು ನೀವೂ ಸಂಗಡ ಓದಿರಿ. ಓದಿದ ಮೇಲೆ ಏನು ತಿಳಿಯಿತು ಎಂದು ಕೇಳಿರಿ.

ಕೆಲವು ಮಕ್ಕಳು ಪಾಠ ಬಾಯಿಪಾಠ ಹೇಳುತ್ತಾರೆ. ನಡುವಿನ ಒಂದು ಸಾಲು ತೋರಿಸಿದರೆ ಓದಲು ಬರುವುದಿಲ್ಲ. ಮೊದಲು ಇದು ನಮಗೆ ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತಾಗುತ್ತದೆ. 2021ರಲ್ಲಿ ನಿಪುಣ ಭಾರತ ಎಂಬ ಯೋಜನೆ ಬಂತು. ಮೂರನೆಯ ಇಯತ್ತೆ ಮುಗಿಯುವಷ್ಟರಲ್ಲಿ ಮಗು ತಿಳಿದು ಓದಬೇಕು, ಸಾದಾ ಲೆಕ್ಕ ಮಾಡಬೇಕು ಎಂಬುದು ಅದರ ಗುರಿ.

ಒಂದೇ ಮಗುವನ್ನು ಓದಿಸಿ ತೀರ್ಪು ಕೊಡಬೇಡಿ. ಐದಾರು ಮಕ್ಕಳನ್ನು ಓದಿಸಿ ನೋಡಿರಿ.

3. ಭಾಷೆ ಯಾವುದು?

ಮನೆಯಲ್ಲಿ ಆಡುವ ಮಾತಿನಲ್ಲಿ ಕಲಿತರೆ ಮಗುವಿಗೆ ಪಾಠ ಬೇಗ ತಿಳಿಯುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಮಾಡಬೇಕು ಎಂದು ಸಂವಿಧಾನದ 350ಎ ಕಲಮು ಹೇಳುತ್ತದೆ. ನಮ್ಮ ಕನ್ನಡ ಶಾಲೆಗಳ ಪುಸ್ತಕಗಳನ್ನು ಪುಣೆಯ ಬಾಲಭಾರತಿ ಅಚ್ಚು ಹಾಕಿಸುತ್ತದೆ.

"ಕನ್ನಡ ಸಾಲಿಗೆ ಹಾಕಿದ್ರ ಮರಾಠಿ ಬರೂದಿಲ್ಲ" ಎಂದು ಕೆಲವರು ಹೆದರುತ್ತಾರೆ. ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಲಿಸಬೇಕೆಂದು 2020ರಲ್ಲಿ ಕಾಯದೆ ಆಗಿದೆ. ಕನ್ನಡ ಶಾಲೆಯ ಮಗು ಮರಾಠಿಯನ್ನೂ ಕಲಿಯುತ್ತದೆ.

ಆದರೆ ಎರಡು ಪ್ರಶ್ನೆ ಕೇಳಲೇಬೇಕು. ಆ ಶಾಲೆಯ ಗುರುಗಳಿಗೆ ಕನ್ನಡ ಓದಿ ಬರೆದು ಕಲಿಸಲು ಬರುತ್ತದೆಯೇ? ಈ ಶಾಲೆ ಮುಗಿದ ಮೇಲೆ ಮುಂದಿನ ಕನ್ನಡ ಶಾಲೆ ಎಷ್ಟು ದೂರ ಇದೆ?

4. ನೀರು, ಸಂಡಾಸು, ಊಟ

ಕುಡಿಯುವ ನೀರು ಇರಬೇಕು. ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಸಂಡಾಸು ಇರಬೇಕು. ಇದು ಕಾಯದೆಯ ಮಾತು. ಸಂಡಾಸು ಕಟ್ಟಿದ್ದರೆ ಸಾಲದು. ಕೀಲಿ ಹಾಕಿದ್ದಾರೆಯೇ, ಒಳಗೆ ನೀರು ಇದೆಯೇ, ನೋಡಿರಿ. ದೊಡ್ಡ ಹುಡುಗಿಯರು ಶಾಲೆ ಬಿಡಲು ಇದೂ ಒಂದು ಕಾರಣ.

ಮಧ್ಯಾಹ್ನದ ಊಟಕ್ಕೆ 1ರಿಂದ 5ನೆಯ ಇಯತ್ತೆಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ. 6ರಿಂದ 8ಕ್ಕೆ 150 ಗ್ರಾಂ. ಊಟದ ಹೊತ್ತಿಗೇ ಹೋಗಿರಿ.

5. ಸಮಿತಿ ಸಭೆ ಸೇರುತ್ತದೆಯೇ?

ಪ್ರತಿ ಸರಕಾರಿ ಶಾಲೆಗೆ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ನಾಲ್ಕು ಪಾಲಿನಲ್ಲಿ ಮೂರು ಪಾಲು ಮಕ್ಕಳ ತಂದೆ-ತಾಯಿಗಳು. ಅರ್ಧ ಮಂದಿ ಹೆಂಗಸರು. 12 ಮಂದಿಯ ಸಮಿತಿ ಆದರೆ ಕಡಿಮೆ ಅಂದರೆ 9 ಮಂದಿ ಪಾಲಕರು, 6 ಮಂದಿ ಹೆಂಗಸರು. ಶಾಲೆಗೆ ಬಂದ ಹಣ ಯಾವುದಕ್ಕೆ ಖರ್ಚಾಯಿತು ಎಂದು ನೋಡುವುದು ಅವರ ಕೆಲಸ.

ಸಮಿತಿಯಲ್ಲಿ ನೀವು ಇದ್ದರೆ, ಠರಾವು ಓದಿದ ಮೇಲೆಯೇ ಸಹಿ ಮಾಡಿರಿ. ಹೆಬ್ಬೆಟ್ಟು ಒತ್ತಿ ಬರುವ ಕಾಲ ಮುಗಿಯಿತು.

ಶಾಲೆ ಬದಲಿಸುವ ಮೊದಲು

ಎರಡೂ ಶಾಲೆ ನೋಡಿದಿರಿ. ನಿಮ್ಮ ಊರಿನದೇ ಕಡಿಮೆ ಅನಿಸಿತು. ಕೂಡಲೇ ಮಗುವನ್ನು ಬಿಡಿಸಬೇಡಿ. ಗುರುಗಳ ಸಂಖ್ಯೆ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಇಂದು 62 ಮಕ್ಕಳು ಇದ್ದರೆ 3 ಗುರುಗಳು. ಎರಡು ಮನೆಯ ಮಕ್ಕಳು ಬಿಟ್ಟು ಸಂಖ್ಯೆ 60ಕ್ಕೆ ಇಳಿದರೆ 2 ಗುರುಗಳು. ಉಳಿದ 60 ಮಕ್ಕಳಿಗೆ ಪಾಠ ಇನ್ನೂ ಕಡಿಮೆ ಆಗುತ್ತದೆ. ಉಳಿಯುವವರು ಬಹಳ ಸಲ ಕೂಲಿ ಮಾಡುವವರ ಮಕ್ಕಳೇ.

ಮೊದಲು ಸಮಿತಿಯಲ್ಲಿ ಮಾತಾಡಿರಿ. ಏನು ಕಡಿಮೆ ಇದೆಯೋ ಅದನ್ನು ಬರೆದು ಕೇಂದ್ರ ಪ್ರಮುಖರಿಗೆ, ಗಟ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಡಿರಿ. ಒಂದು ಪ್ರತಿಯ ಮೇಲೆ ಅರ್ಜಿ ಮುಟ್ಟಿದ ಸಹಿ ಹಾಕಿಸಿ ಮನೆಯಲ್ಲಿ ಇಡಿರಿ.

ಅಷ್ಟಾದರೂ ಸರಿಯಾಗದಿದ್ದರೆ ಬೇರೆ ಸರಕಾರಿ ಶಾಲೆಗೆ ಸೇರಿಸುವ ಹಕ್ಕು ಮಗುವಿಗೆ ಇದೆ. ಹಳೆಯ ಶಾಲೆಯವರು ದಾಖಲೆಯನ್ನು ಕೂಡಲೇ ಕೊಡಬೇಕು. ದಾಖಲೆ ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ತಿರುಗಿ ಕಳಿಸುವಂತಿಲ್ಲ.

ಈ ವಾರದ ಕೆಲಸ

ಇಬ್ಬರು ಕೂಡಿ ಎರಡು ಶಾಲೆಗೆ ಹೋಗಿರಿ. ನೋಡಿದ್ದನ್ನು ವಹಿಯಲ್ಲಿ ಬರೆಯಿರಿ.

ಮಕ್ಕಳು ಎಷ್ಟು? ಇಂದು ಬಂದವರು ಎಷ್ಟು?
ಗುರುಗಳು ಎಷ್ಟು? ಇಂದು ಬಂದವರು ಎಷ್ಟು?
ಮೂರನೆಯ ಇಯತ್ತೆಯ ಎಷ್ಟು ಮಕ್ಕಳನ್ನು ಓದಿಸಿದಿರಿ? ಎಷ್ಟು ಮಕ್ಕಳು ಓದಿದರು?
ನೀರು ಇದೆಯೇ? ಸಂಡಾಸು ತೆರೆದಿದೆಯೇ?
ಸಮಿತಿಯ ಹಿಂದಿನ ಸಭೆ ಯಾವಾಗ ಆಯಿತು?

ಬರೆದದ್ದನ್ನು ಮುಂದಿನ ವಾರ ಕಲಿಕಾ ಕೇಂದ್ರದಲ್ಲಿ ಎಲ್ಲರೆದುರು ಓದಿರಿ.