ಜಡ್ಡುಗಟ್ಟಿದ ಬೆರಳು, ಫೋನಿನ ಗಾಜು

ಪಾರ್ಕಿನ್ಸನ್ ಎಂದೊಡನೆ ನಡುಗುವ ಕೈ ಕಣ್ಣೆದುರು ಬರುತ್ತದೆ. ಆದರೆ ನಡುಕವೇ ಇಲ್ಲದ ರೋಗಿಗಳೂ ಇದ್ದಾರೆ. ವೈದ್ಯರು ಮುಖ್ಯವಾಗಿ ಹುಡುಕುವುದು ಚಲನೆಯ ನಿಧಾನವನ್ನು. ಹೆಬ್ಬೆರಳಿಗೆ ತೋರುಬೆರಳನ್ನು ಹತ್ತು ಸಲ ಬೇಗಬೇಗ ತಟ್ಟಿಸುತ್ತಾರೆ. ಕಾಯಿಲೆಯಿದ್ದರೆ ಮೊದಲು ಅಗಲವಾಗಿ ತೆರೆದುಕೊಂಡ ಬೆರಳು ಬರಬರುತ್ತ ಮುದುಡುತ್ತದೆ, ನಡುವೆ ಗಕ್ಕನೆ ನಿಲ್ಲುತ್ತದೆ. ಇದು ಕಣ್ಣಿಗೆ ಬೀಳುವ ಹೊತ್ತಿಗೆ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಬಹಳಷ್ಟು ಕೋಶಗಳು ಸತ್ತಿರುತ್ತವೆ. ಹಾಗಾಗಿ ಕಣ್ಣಿಗಿಂತ ಚುರುಕಾದ ಅಳತೆ ಬೇಕು. 2016ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು 85 ಜನರ ಟೈಪಿಂಗನ್ನು ಅಳೆದರು: ಏನು ಬರೆದರು ಎಂಬುದನ್ನಲ್ಲ, ಒಂದೊಂದು ಕೀಲಿಯ ಮೇಲೆ ಬೆರಳು ಎಷ್ಟು ಹೊತ್ತು ಕೂತಿತ್ತು ಎಂಬುದನ್ನು. ಆರಂಭದ ಹಂತದ ರೋಗಿಗಳಲ್ಲಿ ಆ ಹೊತ್ತು ಏರುಪೇರಾಗಿತ್ತು. ಮರುವರ್ಷ ಮೊಬೈಲ್ ಪರದೆಯ ಮೇಲೂ ಅಂಥದೇ ಫಲ ಬಂತು.

ರೋಣ, ನರಗುಂದ, ಗಜೇಂದ್ರಗಡದಂಥ ಕಡೆ ಇಂಥ ಅಳತೆಯ ಅಗತ್ಯ ಹೆಚ್ಚು. ಹುಬ್ಬಳ್ಳಿಗೋ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೋ ಹೋಗುವ ಮುನ್ನ ‘ವಯಸ್ಸಾತು, ಕೈ ಸೋತಾವ’ ಎನ್ನುವುದರಲ್ಲೇ ಕಾಲ ಕಳೆದುಹೋಗಬಹುದು. ಆದರೆ ಮೊಬೈಲ್ ಪರದೆ ಬೆರಳನ್ನು ಗುರುತಿಸುವುದು ಚರ್ಮದಲ್ಲಿ ವಿದ್ಯುತ್ ಹರಿಯುವುದರಿಂದ. ಎರೆ ಹೊಲದಲ್ಲಿ ಹತ್ತಿ ಬಿಡಿಸಿ, ಮಗ್ಗದಲ್ಲಿ ಪಟ್ಟೇದಂಚಿನ ಸೀರೆ ನೇಯ್ದು ಜಡ್ಡುಗಟ್ಟಿದ ಒಣ ಬೆರಳನ್ನು ಗಾಜು ಸರಿಯಾಗಿ ಹಿಡಿಯದು; ಬೆರಳು ಮತ್ತೆ ಮತ್ತೆ ಒತ್ತುತ್ತದೆ. ಮೆತ್ತನೆಯ ಬೆರಳುಗಳಿಂದ ಕಲಿತ ತಂತ್ರಾಂಶಕ್ಕೆ ಇದೇ ಕಾಯಿಲೆಯಾಗಿ ಕಂಡೀತು. ಹಾಗೆಂದು ತಂತ್ರವನ್ನೇ ಬಿಡಬೇಕಿಲ್ಲ, ಹೋಲಿಕೆಯನ್ನು ಬದಲಿಸಿದರೆ ಸಾಕು. ನೇಕಾರನನ್ನು ಬೆಂಗಳೂರಿನ ಗುಮಾಸ್ತನ ಜೊತೆಗಲ್ಲ, ಹೋದ ವರ್ಷದ ಅವನ ಜೊತೆಗೇ ಹೋಲಿಸಬೇಕು. ಚಳಿಗೆ ಒಡೆದ ಬೆರಳನ್ನು ಚಳಿಗಾಲದ ಬೆರಳಿಗೇ. ಜಡ್ಡು ಇದ್ದಲ್ಲೇ ಇರುತ್ತದೆ, ಕಾಯಿಲೆ ಮುಂದುವರಿಯುತ್ತದೆ.

ಆದರೆ ಒಂದೇ ಫೋನು ಅಜ್ಜನಿಂದ ಮೊಮ್ಮಗಳ ರೀಲ್ಸ್‌ಗೆ ಕೈ ಬದಲಾಯಿಸುವ ಮನೆಯಲ್ಲಿ ಸದ್ದಿಲ್ಲದೆ ಬೆರಳು ಕಾಯುವ ಆ್ಯಪ್ ಯಾರನ್ನು ಅಳೆದೀತು? ಈ ಆಕ್ಷೇಪ ಗಟ್ಟಿಯೇ. ಅಲ್ಲಿ ಆಶಾ ಕಾರ್ಯಕರ್ತೆ ಆರು ತಿಂಗಳಿಗೊಮ್ಮೆ ಒಂದೇ ಫೋನಿನಲ್ಲಿ ಅರ್ಧ ನಿಮಿಷ ತಟ್ಟಿಸುವುದು ಮೇಲು. ಗುಣವಾಗದ ರೋಗವನ್ನು ಬೇಗ ತಿಳಿದು ಏನಾಗಬೇಕು ಎಂಬ ಪ್ರಶ್ನೆಯೂ ಇದೆ. ಲೆವೊಡೋಪಾ ಔಷಧ ರೋಗವನ್ನು ತಡೆಯದಿದ್ದರೂ ಚಲನೆಯನ್ನು ಸಲೀಸು ಮಾಡುತ್ತದೆ. ಮೇಲಾಗಿ, ನಿಧಾನವಾದ ಬೆರಳೆಲ್ಲ ಪಾರ್ಕಿನ್ಸನ್ ಅಲ್ಲ. ಸಿನ್ನಾರಿಜಿನ್‌ನಂಥ ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ ಕೆಲವು ವೃದ್ಧರಲ್ಲೂ ಇದೇ ನಿಧಾನ ಕಾಣುತ್ತದೆ. ಗಾಜಿಗೆ ಈ ಎರಡರ ವ್ಯತ್ಯಾಸ ತಿಳಿಯದು, ಮಾತ್ರೆ ಚೀಟಿ ಕೇಳುವ ವೈದ್ಯರಿಗೆ ತಿಳಿಯುತ್ತದೆ. ಅವರು ಆ ಮಾತ್ರೆ ನಿಲ್ಲಿಸಿದರೆ ಅನೇಕರ ಬೆರಳು ಕೆಲವೇ ತಿಂಗಳಲ್ಲಿ ತಿರುಗಿ ಹಗುರಾಗುತ್ತದೆ.