ಮಾರಕ ಅಣಬೆಯಲ್ಲಿ ಕ್ಯಾನ್ಸರ್ ಮದ್ದಿನ ಹುಡುಕಾಟ

ಯುರೋಪಿನ ಓಕ್ ಮರಗಳ ಬೇರಿನೊಡನೆ ಕೂಡಿ ಬೆಳೆಯುವ ಅಮಾನಿಟಾ ಫ್ಯಾಲಾಯ್ಡಿಸ್ ಎಂಬ ಅಣಬೆಯಲ್ಲಿ, ಬೇಯಿಸಿದರೂ ನಾಶವಾಗದ ಆಲ್ಫಾ-ಅಮಾನಿಟಿನ್ ಎಂಬ ವಿಷವಿದ್ದು, ಅದು ಡಿಎನ್‌ಎ ಸಂದೇಶವನ್ನು ಆರ್‌ಎನ್‌ಎಯಾಗಿ ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸ್-2 ಎಂಬ ಕಿಣ್ವವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಪ್ರೋಟೀನುಗಳ ತಯಾರಿಕೆ ನಿಂತು ಯಕೃತ್ತಿನ ಕೋಶಗಳು ಸಾಯುತ್ತವೆ. ವಿಭಜನೆಗೊಳ್ಳದೆ ಸುಪ್ತವಾಗಿರುವ ಕೋಶಗಳನ್ನೂ ಅದು ಕೊಲ್ಲಬಲ್ಲುದು. ವೇಗವಾಗಿ ವಿಭಜನೆಗೊಳ್ಳುವ ಕೋಶಗಳನ್ನೇ ಹೆಚ್ಚಾಗಿ ಬಾಧಿಸುವ ಬಹುತೇಕ ಕೀಮೋಥೆರಪಿ ಔಷಧಗಳಲ್ಲಿ ಕಾಣದ ಈ ಗುಣವೇ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದರ ನಿಜವಾದ ಮೌಲ್ಯ. ಜರ್ಮನಿಯ ಹೈಡೆಲ್‌ಬರ್ಗ್ ಫಾರ್ಮಾ ಸಂಸ್ಥೆಯು ಈ ವಿಷದ ಕೃತಕ ರೂಪವನ್ನು, ನಿರ್ದಿಷ್ಟ ಕೋಶವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನಾದ ಪ್ರತಿಕಾಯಕ್ಕೆ ಜೋಡಿಸಿ ಎಚ್‌ಡಿಪಿ-101 ಎಂಬ ಔಷಧವನ್ನು ರೂಪಿಸಿದ್ದು, ಅಸ್ಥಿಮಜ್ಜೆಯ ಕ್ಯಾನ್ಸರಾದ ಮಲ್ಟಿಪಲ್ ಮೈಲೋಮಾ ರೋಗಿಗಳಲ್ಲಿ ಅದರ ಪ್ರಯೋಗ 2022ರಲ್ಲಿ ಆರಂಭವಾಯಿತು.